ಹೊಸತೊಡಕಿನ ಚಾಪ್ಸ್: ಕುಕ್ಕರ್‌ಗೆ ಹಾಕುವ ಮುನ್ನ

ಯುಗಾದಿಯ ಮಾರನೆಯ ದಿನದ ಬಾಡೂಟದ ಹಬ್ಬವೇ ಹೊಸತೊಡಕು. ಅಂದು ಮಂಡ್ಯ ಸೀಮೆಯಲ್ಲಿ ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಮುಂದೆ ಜನ ಸಾಲುಗಟ್ಟಿರುತ್ತಾರೆ. ಹಳ್ಳಿಗಳಲ್ಲಿ ಇನ್ನೂ ಬೇಗ. ತಿಂಗಳುಗಟ್ಟಲೆ ಚೀಟಿ ಕಟ್ಟಿ ಕೂಡಿಸಿದ ದುಡ್ಡಿಗೆ ಮರಿ ತಂದು, ಕೋಳಿ ಕೂಗುವ ಹೊತ್ತಿಗೆ ಕೊಯ್ದು, ಎಲೆ ಹಾಸಿ ಗುಡ್ಡೆ ಹಾಕಿ ಹಂಚುತ್ತಾರೆ. ಒಂದೊಂದು ಗುಡ್ಡೆಯಲ್ಲೂ ಎಲ್ಲದರ ಪಾಲಿರಬೇಕು: ತೊಡೆಯದು ಇಷ್ಟು, ಮುಂಗಾಲಿನದು ಇಷ್ಟು, ಪಕ್ಕೆ ನಾಲ್ಕು ತುಂಡು, ಈಲಿ ಒಂದು ಚೂರು, ಬೋಟಿ ಒಂದು ಹಿಡಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ. ಹಂಚುವುದರಲ್ಲಿ ಇಷ್ಟು ನ್ಯಾಯ ಪಾಲಿಸುವ ಊಟ ಬೇರೊಂದನ್ನು ನಾನು ಕಂಡಿಲ್ಲ.

ಆ ಗುಡ್ಡೆ ಅಡುಗೆಮನೆಗೆ ಬಂದ ಮೇಲೆ ಮಾತ್ರ ಎಲ್ಲವೂ ಒಂದೇ ಕುಕ್ಕರಿಗೆ ಬೀಳುತ್ತದೆ. ಅರಿಶಿನ, ಉಪ್ಪು, ಒಂದಿಷ್ಟು ನೀರು, ಐದು ಕೂಗು. ತೊಡೆ, ಮುಂಗಾಲುಗಳಿಗೆ ಅದು ಸರಿಯಾದ ದಾರಿ. ಅದರ ನಡುವೆ ಸಿಕ್ಕಿಕೊಂಡ ಚಾಪ್ಸ್ ಮಾತ್ರ ನಾರುನಾರಾಗಿ, ಒಣಗಿ, ಮೂಳೆ ಬಿಟ್ಟು ಸಾರಿನಲ್ಲಿ ತೇಲುತ್ತದೆ. ಇಡೀ ಕುರಿಯಲ್ಲಿ ಅತ್ಯಂತ ಮೃದುವಾದ ತುಂಡು ತಟ್ಟೆಗೆ ಬರುವಾಗ ಎಲ್ಲಕ್ಕಿಂತ ಒರಟಾಗಿರುತ್ತದೆ. ಇದು ಯಾಕೆ ಹೀಗಾಗುತ್ತದೆ, ಹಬ್ಬದ ರಾತ್ರಿಯ ಊಟಕ್ಕೆ ಚಾಪ್ಸನ್ನು ಬೇರೆಯಾಗಿಟ್ಟು ಹೇಗೆ ಮಾಡಬೇಕು ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ. ನಮ್ಮ ಮಿಲಿಟರಿ ಹೋಟೆಲುಗಳಲ್ಲಿ ‘ಚಾಪ್ಸ್’ ಅಂದರೆ ಒಂದು ಪಲ್ಯದ ಹೆಸರು. ಕೊತ್ತಂಬರಿ, ಪುದೀನ, ಹಸಿಮೆಣಸಿನ ಗಟ್ಟಿ ಮಸಾಲೆಯಲ್ಲಿ ಹೊತ್ತು ಹಿಡಿದು ಬೆಂದ ಪಕ್ಕೆ ತುಂಡುಗಳು. ಅದರಲ್ಲಿ ಎದೆಯ ಪಕ್ಕೆಯೂ ಇರುತ್ತದೆ, ಭುಜದ ಪಕ್ಕದ್ದೂ ಇರುತ್ತದೆ. ಹೊರದೇಶಗಳಲ್ಲಿ ಹಬ್ಬದೂಟಕ್ಕೆ ಮಾಡುವ ಲ್ಯಾಂಬ್ ಚಾಪ್ಸ್‌ನಲ್ಲಿ ಆ ಹೆಸರು ಇರುವುದು ಕುರಿಯ ಮೈಯ ಒಂದು ಜಾಗಕ್ಕೆ. ಕುರಿಗೆ 13 ಜೊತೆ ಪಕ್ಕೆಲುಬು. ಮುಂದಿನ ನಾಲ್ಕೈದು ಭುಜದ ಅಡಿಗೆ ಸೇರಿಕೊಂಡಿರುತ್ತವೆ. ಅವನ್ನು ಬಿಟ್ಟು ಹಿಂದಕ್ಕೆ ಹೋದರೆ ಒಂದು ಕಡ್ಡಿಯಂಥ ಮೂಳೆಗೆ ಒಂದು ದುಂಡು ಮಾಂಸದ ಗುಂಡಿ ಅಂಟಿಕೊಂಡಂತೆ ಕಾಣುವ ತುಂಡುಗಳು ಸಿಗುತ್ತವೆ. ಅವೇ ಪಕ್ಕೆ ಚಾಪ್ಸ್. ಇನ್ನೂ ಹಿಂದೆ, ಸೊಂಟದ ಹತ್ತಿರ, ಪಕ್ಕೆಲುಬು ಮುಗಿದ ಮೇಲೆ ಸಿಗುವುದು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಮೂಳೆಯಿರುವ ಸೊಂಟದ ಚಾಪ್ಸ್. ನಾನು ಇಲ್ಲಿ ಹೇಳುತ್ತಿರುವುದು ಈ ಎರಡರ ಬಗ್ಗೆ. ಎದೆಯ ಪಕ್ಕೆ, ಭುಜದ ತುಂಡು ನಿಮ್ಮ ಪಾಲಿಗೆ ಬಂದಿದ್ದರೆ ಅವನ್ನು ಮಿಲಿಟರಿ ಹೋಟೆಲಿನ ದಾರಿಯಲ್ಲೇ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ. ಅವಕ್ಕೆ ಅದೇ ಸರಿ.

ಪಕ್ಕೆ, ಸೊಂಟದ ಚಾಪ್ಸಿಗಾದರೋ ಕಾವಲಿಯ ಮೇಲೆ ಎಂಟು ನಿಮಿಷ ಸಾಕು. ಯಾಕೆ ಒಂದಕ್ಕೆ ಒಂದೂವರೆ ಗಂಟೆ, ಇನ್ನೊಂದಕ್ಕೆ ಎಂಟು ನಿಮಿಷ? ಉತ್ತರ ಕುರಿಯ ನಡಿಗೆಯಲ್ಲಿದೆ. ಹೊಲದ ಬದುವಿನ ಮೇಲೆ, ನಾಲೆ ಏರಿಯ ಮೇಲೆ ದಿನವೆಲ್ಲ ಮೇಯುವ ಕುರಿಯ ಭಾರ ಹೊರುವುದು ಕಾಲು, ಭುಜ, ಕುತ್ತಿಗೆ. ದುಡಿಯುವ ಮಾಂಸಖಂಡವನ್ನು ಬಿಗಿಯಾಗಿ ಕಟ್ಟಿಡಲು ಕೊಲಾಜೆನ್ ಎಂಬ ಗಟ್ಟಿ ನಾರು ಬೇಕು. ದುಡಿಮೆ ಹೆಚ್ಚಿದ ಕಡೆ ಕೊಲಾಜೆನ್ನೂ ಹೆಚ್ಚು. ಬೆನ್ನುಮೂಳೆಯ ಎರಡೂ ಬದಿಗೆ ಉದ್ದಕ್ಕೆ ಮಲಗಿರುವ ಖಂಡಕ್ಕೆ ಅಷ್ಟು ದುಡಿಮೆಯಿಲ್ಲ, ಹಾಗಾಗಿ ಅದರಲ್ಲಿ ಕೊಲಾಜೆನ್ ಕಡಿಮೆ. ಚಾಪ್ಸ್ ಅಂದರೆ ಆ ಖಂಡದ ಅಡ್ಡ ಹೋಳು.

ಕೊಲಾಜೆನ್ ಇರುವ ಮಾಂಸವನ್ನು ಬೇಯಿಸುವುದು ಎಂದರೆ ಆ ನಾರನ್ನು ಕರಗಿಸುವುದು. 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನೀರಿನ ಜೊತೆ, ನಿಧಾನವಾಗಿ ಅದು ಜೆಲಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದಾಗ ಅಲುಗಾಡುವ ಮುದ್ದೆಯಾಗುತ್ತದಲ್ಲ, ಅದೇ ಇದು. ಮೈಸೂರಿನ ಎತ್ತರದಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಕಟ್ಟಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಅದಕ್ಕೇ ಎರಡು ಗಂಟೆಯ ಕೆಲಸ ಅರ್ಧ ಗಂಟೆಗೆ ಮುಗಿಯುತ್ತದೆ. ತೊಡೆ ಮಾಂಸದ ಎಳೆಗಳು ಅಲ್ಲೂ ಹಿಂಡಿ ಒಣಗುತ್ತವೆ. ಆದರೆ ಕರಗಿದ ಜೆಲಟಿನ್ ಅವುಗಳ ನಡುವೆ ತುಂಬಿಕೊಂಡು ಬಾಯಿಗೆ ಮೆತ್ತಗೆ ಅನ್ನಿಸುತ್ತದೆ. ಚಾಪ್ಸಿನಲ್ಲಿ ಕರಗಲು ಅಷ್ಟು ಕೊಲಾಜೆನ್ನೇ ಇಲ್ಲ. ಒಣಗುವುದು ಮಾತ್ರ ಉಳಿಯುತ್ತದೆ.

ಒಣಗುವುದಕ್ಕೂ ಒಂದು ಲೆಕ್ಕವಿದೆ. ಮಾಂಸದ ಮುಖ್ಯ ಪ್ರೋಟೀನುಗಳು ಎರಡು, ಮಯೋಸಿನ್ ಮತ್ತು ಆ್ಯಕ್ಟಿನ್. ಸುಮಾರು 50–55 ಡಿಗ್ರಿಗೆ ಮಯೋಸಿನ್ ಗಟ್ಟಿಯಾಗುತ್ತದೆ. ಹಸಿತನ ಹೋಗಿ ಮಾಂಸಕ್ಕೆ ಕಚ್ಚುವ ಹದ ಬರುತ್ತದೆ, ರಸ ಒಳಗೇ ಇರುತ್ತದೆ. 60 ದಾಟುತ್ತಿದ್ದಂತೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಬಣ್ಣಗೆಟ್ಟು ಕಂದಾಗತೊಡಗುತ್ತದೆ. 66ರಿಂದ 73ರ ನಡುವೆ ಆ್ಯಕ್ಟಿನ್ ಕೂಡ ಕುಗ್ಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ರಸವೆಲ್ಲ ಹೊರಗೆ ಬರುತ್ತದೆ. ಅಂದರೆ ಚಾಪ್ಸ್ ಚೆನ್ನಾಗಿರುವ ಹದ 55ರಿಂದ 68ರೊಳಗೆ ಎಲ್ಲೋ ಇದೆ. ಐದು ಕೂಗಿನ 120 ಎಲ್ಲಿ, ಈ 68 ಎಲ್ಲಿ!

ಇನ್ನು ಕುರಿಯ ಮಾತು. ನಮ್ಮ ಸೀಮೆಯವರು ಬನ್ನೂರು ಕುರಿ ಎಂದು ಎದೆಯುಬ್ಬಿಸಿ ಹೇಳುವುದರಲ್ಲಿ ಅರ್ಥವಿದೆ. ಮಂಡ್ಯ ತಳಿ, ಬಂಡೂರು ಕುರಿ ಎಂಬ ಹೆಸರುಗಳೂ ಇದರದೇ. ಬಂಡೂರು ಮಳವಳ್ಳಿ ತಾಲ್ಲೂಕಿನ ಹಳ್ಳಿ. ಕುಳ್ಳು ಕಾಲು, ಕೊಂಬಿಲ್ಲದ ತಲೆ, ಜೋಲುಕಿವಿ, ಬಿಳಿ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದ ಹಾಗೆ ದುಂಡಗಿನ ಹಿಂಭಾಗ. ಮೈ ಸಣ್ಣದು. ಹಾಗಾಗಿ ಇದರ ಚಾಪ್ಸೂ ಸಣ್ಣದೇ, ನ್ಯೂಜಿಲೆಂಡಿನ ಕುರಿಯ ಚಾಪ್ಸಿನ ಚಿತ್ರ ನೋಡಿ ಅಳತೆ ಹಿಡಿಯಬೇಡಿ. ಇದರ ರುಚಿ ನೆಣದಲ್ಲಿದೆ. ಕುರಿಮಾಂಸಕ್ಕೆ ಅದರದೇ ವಾಸನೆ ಕೊಡುವ ಕೆಲವು ಕೊಬ್ಬಿನ ಆಮ್ಲಗಳೂ ನೆಣದಲ್ಲೇ ಇರುತ್ತವೆ, ವಯಸ್ಸಾದಂತೆ ಅವು ಹೆಚ್ಚುತ್ತವೆ. ನಾವು ಕೌಚು ಅನ್ನುವುದು ಅದನ್ನೇ. ಅದಕ್ಕೇ ಹಿರಿಯರು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದುದು. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬರುವುದು ಒಂದು ವರ್ಷ ದಾಟಿದ ಮೇಲೆ. ‘ಹಲ್ಲು ಹಾಕದ ಮರಿ’ ಎಂಬ ಮಾತಿಗೂ ಲ್ಯಾಂಬ್ ಎಂಬ ಮಾತಿಗೂ ಅರ್ಥ ಒಂದೇ. ಚಾಪ್ಸಿಗೆ ಅಂಥ ಮರಿಯೇ ಬೇಕು. ಬಲಿತ ಟಗರಿನದು ಸಾರಿಗಿರಲಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ, ಯಾರೂ ಹೇಳಿಕೊಡದ ಸಂಗತಿ. ಒಂದು ಹೊಸತೊಡಕಿಗೆ ಬೆಳಿಗ್ಗೆ ಆರು ಗಂಟೆಗೇ ಒಳ್ಳೆಯ ಮರಿಯ ಚಾಪ್ಸ್ ತಂದೆ. ಕೈಗೆ ಇನ್ನೂ ಬೆಚ್ಚಗಿತ್ತು. ರಾತ್ರಿ ನೆಂಟರು ಬರುವವರಿದ್ದರು. ಕೆಡಬಾರದು ಎಂದು ಬಿಡಿಬಿಡಿ ತುಂಡುಗಳನ್ನು ನೇರ ಫ್ರೀಜರಿಗೆ ಇಟ್ಟೆ. ಸಂಜೆ ತೆಗೆದು ಕರಗಿಸಿದಾಗ ಪಾತ್ರೆಯ ತಳದಲ್ಲಿ ಒಂದು ಲೋಟದಷ್ಟು ಕೆಂಪು ನೀರು, ತುಂಡುಗಳು ಮುದುರಿಕೊಂಡು ಸಣ್ಣಗಾಗಿದ್ದವು. ಎಷ್ಟು ಜೋಪಾನವಾಗಿ ಬೇಯಿಸಿದರೂ ರಬ್ಬರಿನ ಹಾಗೆ ಜಗಿಯಬೇಕಾಯಿತು. ಮಾಂಸ ಸರಿಯಿಲ್ಲ ಎಂದೇ ನಾನು ತಿಳಿದಿದ್ದೆ. ತಪ್ಪು ಫ್ರೀಜರಿನಲ್ಲಿತ್ತು ಎಂಬುದು ಓದಿ ಗೊತ್ತಾದದ್ದು ಬಹಳ ತಡವಾಗಿ.

ಕುರಿ ಸತ್ತ ಕೂಡಲೇ ಮಾಂಸಖಂಡ ಸಾಯುವುದಿಲ್ಲ. ಅದರಲ್ಲಿ ಎಟಿಪಿ ಎಂಬ ಇಂಧನ ಕೆಲವು ಗಂಟೆ ಉಳಿದಿರುತ್ತದೆ. ಎಳೆಗಳು ಒಂದರ ಮೇಲೊಂದು ಜಾರಲು, ಬಿಡಿಸಿಕೊಳ್ಳಲು ಅದೇ ಬೇಕು. ಇಂಧನ ಮುಗಿದಾಗ ಎಳೆಗಳು ಇದ್ದಲ್ಲೇ ಸಿಕ್ಕಿಕೊಂಡು ಸೆಟೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಮಾಂಸ ಅತ್ಯಂತ ಗಡುಸು. ಆಮೇಲೆ ಖಂಡದೊಳಗೇ ಇರುವ ಕ್ಯಾಲ್ಪೇನ್ ಎಂಬ ಕಿಣ್ವಗಳು ಎಳೆಗಳನ್ನು ಹಿಡಿದಿಟ್ಟ ಕೊಂಡಿಗಳನ್ನು ಮೆಲ್ಲಗೆ ಕತ್ತರಿಸುತ್ತವೆ, ಒಂದೆರಡು ದಿನದಲ್ಲಿ ಮಾಂಸ ಮೆತ್ತಗಾಗುತ್ತದೆ. ಇಂಧನ ಇನ್ನೂ ಇರುವಾಗಲೇ ಮಾಂಸವನ್ನು 10 ಡಿಗ್ರಿಗಿಂತ ಕೆಳಗೆ ತಣ್ಣಗೆ ಮಾಡಿದರೆ ಬೇರೊಂದು ಅನಾಹುತವಾಗುತ್ತದೆ. ಚಳಿಗೆ ಖಂಡ ಬಲವಾಗಿ ಮುದುಡಿ, ಮುದುಡಿದಲ್ಲೇ ಸೆಟೆದುಬಿಡುತ್ತದೆ. ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ಎಂಬ ವಿಜ್ಞಾನಿಗಳು 1963ರಲ್ಲಿ ದನದ ಮಾಂಸಖಂಡಗಳಲ್ಲಿ ಇದನ್ನು ತೋರಿಸಿಕೊಟ್ಟರು. ಕುರಿಯದೂ ಅದೇ ಕಥೆ. 1882ರಿಂದಲೇ ಹಡಗಿನಲ್ಲಿ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಲಂಡನ್ನಿಗೆ ಕಳಿಸುತ್ತಿದ್ದ ದೇಶಕ್ಕೆ ಈ ಪ್ರಶ್ನೆ ಹೊಟ್ಟೆಪಾಡಿನದಾಗಿತ್ತು. ಬೆಚ್ಚಗಿರುವಾಗಲೇ ಹೆಪ್ಪುಗಟ್ಟಿಸಿದ್ದು ಇನ್ನೂ ಕೆಟ್ಟದ್ದು. ಕರಗುವಾಗ ಉಳಿದ ಇಂಧನವೆಲ್ಲ ಒಮ್ಮೆಲೇ ಉರಿದು, ಖಂಡ ಹಿಂಡಿಕೊಂಡು, ನೀರು ಕಕ್ಕುತ್ತದೆ. ನನ್ನ ಪಾತ್ರೆಯ ತಳದ ಕೆಂಪು ನೀರು ಅದೇ.

ಹೊರಗಿಟ್ಟರೆ ಯುಗಾದಿಯ ಬಿಸಿಲಿಗೆ ಮಾಂಸ ಕೆಡುತ್ತದೆ, ಎರಡು ಗಂಟೆಗಿಂತ ಹೆಚ್ಚು ಹೊರಗಿಡುವುದು ಸಲ್ಲ. ಹಾಗಾದರೆ ದಾರಿ? ಚಾಪ್ಸನ್ನು ಬಿಡಿ ತುಂಡು ಮಾಡಿಸದೆ, ಬೆನ್ನುಮೂಳೆಯ ಸಮೇತ ಇಡೀ ಪಟ್ಟಿಯಾಗಿ ತನ್ನಿ. ಎರಡೂ ಕಡೆ ಮೂಳೆಗೆ ಅಂಟಿಕೊಂಡಿರುವ ಖಂಡ ಮುದುಡಬೇಕೆಂದರೂ ಮೂಳೆ ಬಿಡುವುದಿಲ್ಲ, ದಪ್ಪ ಪಟ್ಟಿ ತಣ್ಣಗಾಗುವುದೂ ನಿಧಾನ. ಅದನ್ನು ಫ್ರೀಜರಿಗಲ್ಲ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಮಧ್ಯಾಹ್ನದ ಮುದ್ದೆಗೆ ಉಳಿದ ಮಾಂಸದ ಸಾರಾಗಲಿ. ಚಾಪ್ಸನ್ನು ಮಾರನೆಯ ದಿನ ರಾತ್ರಿಗೆ ಮಾಡಿದರೆ ಅತ್ಯುತ್ತಮ, ಅದೇ ದಿನ ಆಗಲೇಬೇಕೆಂದರೆ ರಾತ್ರಿ ಎಷ್ಟು ತಡವಾದರೆ ಅಷ್ಟು ಒಳ್ಳೆಯದು. ಕೊಯ್ದ ಒಂದು ಗಂಟೆಯೊಳಗೆ ಒಲೆಗೇರುವ ಹಳ್ಳಿಯ ಸಾರಿಗೆ ಈ ತಕರಾರಿಲ್ಲ. ಮಾಂಸ ಸೆಟೆಯುವ ಮೊದಲೇ ಬೇಯತೊಡಗಿರುತ್ತದೆ, ಮೇಲೆ ಗಂಟೆಗಟ್ಟಲೆ ಕುದಿಯುತ್ತದೆ.

ಅಂಗಡಿಯಲ್ಲಿ ಇನ್ನೊಂದು ಮಾತು ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಹುಣಸೆ ಕೊರಡಿನ ಮೇಲೆ ಮಚ್ಚಿನಿಂದ ಕಡಿಯುವ ರೂಢಿ, ಚಾಪ್ಸೆಂದರೆ ಬೆರಳಿನಷ್ಟೂ ದಪ್ಪವಿಲ್ಲದ ಹೋಳು. ಅಷ್ಟು ತೆಳುವಾದರೆ ಹೊರಮೈ ಕೆಂಪಗಾಗುವ ಹೊತ್ತಿಗೆ ಒಳಗು 80 ದಾಟಿರುತ್ತದೆ. ಎರಡು ಪಕ್ಕೆಲುಬು ಸೇರಿಸಿ ಒಂದು ತುಂಡು, ಒಂದು ಅಂಗುಲ ದಪ್ಪ ಎಂದು ಕೇಳಿ. ಬೆನ್ನುಮೂಳೆಯ ಕಡೆ ಮಾತ್ರ ಮಚ್ಚಿನಿಂದ ಒಂದೊಂದು ಗೀರು ಹಾಕಿಸಿಕೊಂಡರೆ ಮನೆಯಲ್ಲಿ ಚಾಕುವಿನಿಂದ ಬಿಡಿಸಬಹುದು. ಹಬ್ಬದ ದಿನದ ಗದ್ದಲದಲ್ಲಿ ಇಷ್ಟು ಮಾಡಿಕೊಡಿ ಅಂದರೆ ಕಷ್ಟ, ಹಿಂದಿನ ದಿನವೇ ಹೇಳಿಟ್ಟು ಬನ್ನಿ. ನಾಲ್ಕು ಜನಕ್ಕೆ ಒಂದು ಕೆಜಿ ಸಾಕು, ಮುದ್ದೆ ಸಾರು ಇದ್ದರೆ ಐದಾರು ಜನಕ್ಕೂ ಆಗುತ್ತದೆ.

ಮಾಂಸ ತೊಳೆಯದೆ ಅಡುಗೆ ಮಾಡುವುದು ನಮ್ಮ ಮನೆಗಳಲ್ಲಿ ಆಗದ ಮಾತು. ತೊಳೆಯಿರಿ, ಆದರೆ ಒಂದೇ ಸಲ, ಬೇಗ, ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಮೈ ಒದ್ದೆಯಿರುವ ಮಾಂಸ ಕಾವಲಿಯ ಮೇಲೆ ಬೇಯುತ್ತದೆ, ಕೆಂಪಗಾಗುವುದಿಲ್ಲ. ನೀರಿರುವವರೆಗೆ ಆ ಜಾಗದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹುರಿದ ಮಾಂಸಕ್ಕೆ, ಸುಟ್ಟ ರೊಟ್ಟಿಗೆ, ಹುರಿದ ಕಾಫಿ ಬೀಜಕ್ಕೆ ಘಮ ಕೊಡುವ ಕ್ರಿಯೆ ಚುರುಕಾಗುವುದು 140ರ ಮೇಲೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯ್ಯಾರ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಯೂ ಬಿಸಿಗೆ ಸೇರಿ ನೂರಾರು ಹೊಸ ವಾಸನೆಗಳಾಗುತ್ತವೆ. ಕುಕ್ಕರಿನ ಹಬೆಯಲ್ಲಿ ಇದು ಈ ಮಟ್ಟಕ್ಕೆ ಆಗುವುದೇ ಇಲ್ಲ.

ಉಪ್ಪನ್ನು ಒಂದೋ ಮುಕ್ಕಾಲು ಗಂಟೆ ಮೊದಲು ಹಾಕಿ, ಇಲ್ಲವೇ ಕಾವಲಿಗೆ ಇಡುವ ಕ್ಷಣದಲ್ಲಿ ಹಾಕಿ. ನಡುವೆ ಬೇಡ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಹತ್ತು ನಿಮಿಷದ ಹೊತ್ತಿಗೆ ಮಾಂಸ ಬೆವರಿದಂತಿರುತ್ತದೆ. ಬಿಟ್ಟರೆ ಆ ಉಪ್ಪುನೀರು ಮತ್ತೆ ಒಳಗೆ ಇಂಗಿ, ಪ್ರೋಟೀನನ್ನು ಸಡಿಲಿಸಿ, ರಸ ಹಿಡಿದಿಡಲು ನೆರವಾಗುತ್ತದೆ. ಮೂಳೆ ಸಮೇತ ಒಂದು ಕೆಜಿಗೆ ಟೀ ಚಮಚದಲ್ಲಿ ಒಂದೂವರೆ ಸಾಕು. ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚಳವಿಲ್ಲದೆ ಇಟ್ಟರೆ ಇನ್ನೂ ಚೆಂದ, ಮೈಯೂ ಒಣಗುತ್ತದೆ.

ಶುಂಠಿಯ ಬಗ್ಗೆ ನನಗೆ ವಿಶೇಷ ಗೌರವ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಜಿಂಜಿಬೈನ್ ಎಂಬ ಕಿಣ್ವವಿದೆ, ಅದು ಕೊಲಾಜೆನ್ನನ್ನೂ ಬಿಡುವುದಿಲ್ಲ. ಒರಳಿನಲ್ಲಿ ಆಗ ತಾನೇ ಜಜ್ಜಿ ಮಾಂಸಕ್ಕೆ ಸವರುತ್ತಿದ್ದ ಅಜ್ಜಿಯಂದಿರು ಬರೀ ವಾಸನೆಗೆ ಹಾಗೆ ಮಾಡುತ್ತಿರಲಿಲ್ಲ. ವಾರಗಟ್ಟಲೆ ಇಟ್ಟ ಪೇಸ್ಟಿನಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ಶುಂಠಿಯನ್ನು ಜಜ್ಜಿ ಹಿಂಡಿ ರಸ ಮಾತ್ರ ಸವರಿ, ಅರ್ಧ ಗಂಟೆ ಬಿಟ್ಟು ಒರೆಸಿಬಿಡಿ. ಚರಟ ಉಳಿದರೆ ಕಾವಲಿಯಲ್ಲಿ ಸೀದು ಕಹಿಯಾಗುತ್ತದೆ. ಪರಂಗಿಕಾಯಿ ಎಳೆ ಮರಿಯ ಚಾಪ್ಸಿಗೆ ಬೇಡವೇ ಬೇಡ. ಅದರ ಪಪೇನ್ ಬಿಸಿಯಾಗುತ್ತಾ ಇನ್ನೂ ಚುರುಕಾಗಿ, ಹೊರಮೈಯನ್ನು ಹಿಟ್ಟು ಮಾಡಿಬಿಡುತ್ತದೆ, ಒಳಕ್ಕಂತೂ ಇಳಿಯುವುದಿಲ್ಲ.

ದೋಸೆ ಹುಯ್ಯುವ ಬೀಡುಕಬ್ಬಿಣದ ಕಾವಲಿಗಿಂತ ಒಳ್ಳೆಯ ಪಾತ್ರೆ ಇದಕ್ಕಿಲ್ಲ. ಅದು ಬಿಸಿಯನ್ನು ಹೊತ್ತು ಕೂರುತ್ತದೆ, ತಣ್ಣಗಿನ ಮಾಂಸ ಬಿದ್ದರೂ ಬೆದರುವುದಿಲ್ಲ. ಐದು ನಿಮಿಷ ಕಾಯಿಸಿ, ಒಂದು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು, ಮೊದಲು ಚಾಪ್ಸನ್ನು ನೆಣದ ಅಂಚಿನ ಮೇಲೆ ನಿಲ್ಲಿಸಿ. ಇಕ್ಕುಳದಲ್ಲಿ ಹಿಡಿದು ಒಂದೆರಡು ನಿಮಿಷ ನಿಲ್ಲಿಸಿದರೆ ನೆಣ ಕರಗಿ ಕಾವಲಿಗೆ ಇಳಿಯುತ್ತದೆ, ಮುಂದಿನ ಹುರಿತಕ್ಕೆ ಅದೇ ಎಣ್ಣೆ. ಆಮೇಲೆ ಮಲಗಿಸಿ. ಒಂದು ಮಗ್ಗುಲು ಮೂರು ನಿಮಿಷ, ಇನ್ನೊಂದು ಎರಡೂವರೆ. ಒಂದು ಕಾವಲಿಗೆ ನಾಲ್ಕೈದು ತುಂಡು, ಹೆಚ್ಚು ಬೇಡ. ಒತ್ತಾಗಿ ತುಂಬಿದರೆ ಬಿಟ್ಟ ನೀರು ಆರುವುದಕ್ಕೇ ಬಿಸಿಯೆಲ್ಲ ಖರ್ಚಾಗಿ ಚಾಪ್ಸ್ ಹಬೆಯಲ್ಲಿ ಬೆಂದ ಹಾಗಾಗುತ್ತದೆ. ನೆಂಟರು ಹತ್ತು ಜನ ಇದ್ದರೆ ಮೂರು ಸರದಿ ಮಾಡಿ, ಅವಸರ ಪಡಬೇಡಿ. ಮಸಾಲೆ ಪುಡಿ ಯಾವುದನ್ನೂ ಈ ಹಂತದಲ್ಲಿ ಹಾಕಬೇಡಿ, ಆ ಬಿಸಿಗೆ ಮೆಣಸು, ಧನಿಯಾ ಕಮರುತ್ತವೆ.

ಬರೀ ಉಪ್ಪು, ಹುರಿತ, ಮೇಲೆ ಕುಟ್ಟಿದ ಕಾಳುಮೆಣಸು. ಇಷ್ಟಕ್ಕೇ ನಿಲ್ಲಿಸಿದರೂ ಬನ್ನೂರು ಮರಿ ಮೋಸ ಮಾಡುವುದಿಲ್ಲ. ಆದರೆ ಹೊಸತೊಡಕಿನ ತಟ್ಟೆಯಲ್ಲಿ ಮಸಾಲೆಯಿಲ್ಲದ ಬಾಡು ಇಟ್ಟರೆ ಮನೆಯ ಹಿರಿಯರ ಮುಖ ನೋಡುವುದು ಕಷ್ಟ. ಹಾಗಾಗಿ ನಾನು ಮಾಡುವುದು ಹೀಗೆ. ಕೊತ್ತಂಬರಿ ಸೊಪ್ಪು ಒಂದು ಕಟ್ಟು, ಅದರ ಕಾಲು ಭಾಗ ಪುದೀನ, ಏಳೆಂಟು ಹಸಿಮೆಣಸು, ಬೆಳ್ಳುಳ್ಳಿ, ಶುಂಠಿ, ಚಕ್ಕೆ ಒಂದು ತುಂಡು, ಲವಂಗ ನಾಲ್ಕು, ನೆನೆಸಿದ ಗಸಗಸೆ ಒಂದು ಚಮಚ, ಎರಡು ಹಿಡಿ ಕಾಯಿತುರಿ. ಎಲ್ಲವನ್ನೂ ನುಣ್ಣಗೆ ರುಬ್ಬಿಕೊಳ್ಳಿ. ಚಾಪ್ಸ್ ತೆಗೆದ ಕಾವಲಿಯ ತಳದಲ್ಲಿ ಕಂದು ಬಣ್ಣದ ಪದರ ಅಂಟಿರುತ್ತದೆ. ಆ ಪದರದಲ್ಲೇ ಅರ್ಧ ರುಚಿಯಿದೆ. ಅದರ ಮೇಲೆ ಹೆಚ್ಚಿದ ಈರುಳ್ಳಿ ಹಾಕಿ, ಈರುಳ್ಳಿ ಬಿಟ್ಟ ನೀರಿನಲ್ಲೇ ಆ ಪದರವನ್ನು ಕೆರೆದು ಬಿಡಿಸಿ. ಬೀಡುಕಬ್ಬಿಣದಲ್ಲಿ ಹುಳಿ ಬೇಡ, ಟೊಮೆಟೊ ಬಿಡಿ. ಈರುಳ್ಳಿ ಬಾಡಿದ ಮೇಲೆ ರುಬ್ಬಿದ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಇಷ್ಟೂ ಹೊತ್ತು ಚಾಪ್ಸ್ ಪಕ್ಕದ ತಟ್ಟೆಯಲ್ಲಿ ಕೂತಿರಲಿ. ಅದು ಬರೀ ಕಾಯುವುದಲ್ಲ, ಹೊರಮೈಯ ಬಿಸಿ ಒಳಕ್ಕೆ ಹರಿದು ನಡುವಿನ ತಾಪ ಇನ್ನೂ ಎರಡು ಮೂರು ಡಿಗ್ರಿ ಏರುತ್ತದೆ. ಕೊನೆಗೆ ಚಾಪ್ಸನ್ನೂ ತಟ್ಟೆಯಲ್ಲಿ ಇಳಿದ ರಸವನ್ನೂ ಮಸಾಲೆಗೆ ಹಾಕಿ, ಎರಡು ನಿಮಿಷ ಹೊರಳಿಸಿ ಇಳಿಸಿ. ಮಸಾಲೆ ಪೂರ್ತಿ ಬೆಂದಿದೆ, ಮಾಂಸ ಬೇಕಾದಷ್ಟೇ ಬೆಂದಿದೆ.

ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. ಬೆರಳಿನಿಂದ ಒತ್ತಿ ನೋಡುವ ಅಂದಾಜು ಅಭ್ಯಾಸವಿದ್ದವರಿಗೇ ತಪ್ಪುತ್ತದೆ. ಮೂಳೆಗೆ ತಾಗದಂತೆ, ಪಕ್ಕದಿಂದ, ಮಾಂಸದ ನಡುವಿಗೆ ಚುಚ್ಚಬೇಕು. ಇಡೀ ತುಂಡಿಗೆ 63 ಡಿಗ್ರಿ ಮುಟ್ಟಿಸಿ ಮೂರು ನಿಮಿಷ ಬಿಡುವುದು ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷತೆಯ ಮಟ್ಟ. ಹೊರದೇಶದ ಹೋಟೆಲುಗಳು 55ಕ್ಕೇ ನಿಲ್ಲಿಸಿ ಒಳಗೆ ಕೆಂಪಗಿರುವುದನ್ನು ಬಡಿಸುತ್ತವೆ. ಕೆಂಪು ಕಂಡರೆ ನಮ್ಮವರು ತಟ್ಟೆ ಸರಿಸುತ್ತಾರೆ, ಅದನ್ನು ನಾಗರಿಕತೆಯ ಕೊರತೆ ಎಂದು ನಾನು ತಿಳಿಯುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಬೋಟಿಗೂ ಚಾಪ್ಸಿಗೂ ಒಂದೇ ಮಚ್ಚು, ಒಂದೇ ಕೊರಡು. ಕಾವಲಿಯಿಂದ 60ಕ್ಕೆ ತೆಗೆದು, ಮಸಾಲೆಯಲ್ಲಿ ಹೊರಳಿಸುವಾಗ 65–66 ಆಗುವಂತೆ ನೋಡಿಕೊಂಡರೆ ಕೆಂಪು ಹೋಗಿರುತ್ತದೆ, ರಸ ಉಳಿದಿರುತ್ತದೆ. ಬಸುರಿಯರಿಗೆ, ಎಳೆ ಮಕ್ಕಳಿಗೆ, ಕಾಯಿಲೆಯಿಂದ ಎದ್ದವರಿಗೆ ಮಾತ್ರ 71 ಮುಟ್ಟಿಸಿಯೇ ಕೊಡಿ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಕುರಿಮಾಂಸದಲ್ಲಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಅವರ ತುಂಡು ಕೊಂಚ ಒಣಗಿದ್ದರೂ ಮಸಾಲೆ ಜಾಸ್ತಿ ಬಡಿಸಿದರಾಯಿತು.

ಚಾಪ್ಸ್ ಕಾಯುವ ಪದಾರ್ಥವಲ್ಲ. ಮುದ್ದೆ ಕಟ್ಟಿ, ಸಾರು ಬಡಿಸಿ, ಎಲ್ಲರೂ ಕೂತ ಮೇಲೆ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. ಮೊದಲೇ ಮಾಡಿ ಮುಚ್ಚಿಟ್ಟು ಮತ್ತೆ ಬಿಸಿ ಮಾಡಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಎರಡನೆಯ ಬಿಸಿಗೆ ತಾಪ 70 ದಾಟುತ್ತದೆ, ಮಾಂಸದಲ್ಲಿರುವ ಕಬ್ಬಿಣದ ಅಂಶದಿಂದ ಕೊಬ್ಬು ಕೆಟ್ಟು ಹಳಸಲು ವಾಸನೆಯೂ ಬರುತ್ತದೆ. ಉಳಿದರೆ ಮಾರನೆಯ ಬೆಳಿಗ್ಗೆ ಮೂಳೆಯಿಂದ ಬಿಡಿಸಿ, ಸಣ್ಣಗೆ ಹೆಚ್ಚಿ, ಮಸಾಲೆಯ ಸಮೇತ ದೋಸೆಯ ಮೇಲೆ ಹಾಕಿ ಮಡಿಸಿ. ಚಾಪ್ಸ್ ಬಿಡಿಸುವಾಗ ಉಳಿದ ಬೆನ್ನುಮೂಳೆಯ ತುಂಡುಗಳು, ತಿಂದು ಬಿಟ್ಟದ್ದಲ್ಲ, ಕಡಿದು ತೆಗೆದಿಟ್ಟವು, ಅವನ್ನು ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿ ಕುಕ್ಕರಿನಲ್ಲಿ ಎಂಟು ಕೂಗು ಕೂಗಿಸಿ.